ಕೆಮ್ಮುವ ಇಂಜಿನ್ನಿಗೆ ಹರಳೆಣ್ಣೆ

ನನ್ನ ಮೊದಲ ಇಂಜಿನ್ನಿಗೆ ಥ್ರಾಟಲೇ ಇರಲಿಲ್ಲ. ಆದ್ದರಿಂದ ಥ್ರಾಟಲಿನ ತಾಪತ್ರಯವೂ ಇರಲಿಲ್ಲ. ಹೊತ್ತಿಕೊಂಡರೆ ಪೂರ್ತಿ ವೇಗ, ಇಲ್ಲದಿದ್ದರೆ ಪೂರ್ತಿ ಮೌನ. 1974ರಲ್ಲಿ ಪಿಯುಸಿ ಓದುತ್ತಿದ್ದಾಗ ಎನ್‌ಸಿಸಿ ಏರ್ ವಿಂಗ್‌ನ ಸೀನಿಯರ್ ಒಬ್ಬನಿಂದ ಸೆಕೆಂಡ್ ಹ್ಯಾಂಡಿನಲ್ಲಿ 75 ರೂಪಾಯಿಗೆ ಅದನ್ನು ಕೊಂಡಿದ್ದೆ. ಕಲಕತ್ತೆಯಲ್ಲಿ ತಯಾರಾದ, ಮಾದರಿ ವಿಮಾನಕ್ಕೆ ಕಟ್ಟುವ ಒಂದೂವರೆ ಸಿಸಿ ಡೀಸೆಲ್ ಇಂಜಿನ್ನು, ನಿಂಬೆಹಣ್ಣಿನ ಗಾತ್ರದ್ದು. ಡೀಸೆಲ್ ಎಂದರೆ ಲಾರಿಗೆ ಹಾಕುವುದಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಸಮಪಾಲು ಬೆರೆಸಿದ ಕಷಾಯ. ಈಥರ್ ಔಷಧದಂಗಡಿಯಿಂದ ಬರುತ್ತಿತ್ತು, ಸೀಮೆಎಣ್ಣೆ ರೇಷನ್ನಿನ ಡಬ್ಬದಿಂದ, ಹರಳೆಣ್ಣೆ ಅಜ್ಜಿಯ ಗಿಂಡಿಯಿಂದ. ಮೊದಲನೆಯದಕ್ಕೆ ಮಾತ್ರ ದುಡ್ಡು ಕೊಡುತ್ತಿದ್ದೆ.

ಅಜ್ಜಿಯ ಪಾಲಿಗೆ ಹರಳೆಣ್ಣೆಯಿಂದ ಆಗದ ಕೆಲಸವೇ ಇರಲಿಲ್ಲ. ನೆತ್ತಿಗೆ ಅದೇ, ಅಂಗಾಲಿಗೆ ಅದೇ, ಮಲಬದ್ಧತೆಗೆ ಅದೇ. ವರ್ಷಕ್ಕಾಗುವಷ್ಟು ತೊಗರಿಬೇಳೆಗೆ ಹುಳ ಹಿಡಿಯದಿರಲೆಂದು ಸವರುತ್ತಿದ್ದದ್ದೂ ಅದನ್ನೇ. ಅಡುಗೆಮನೆಯ ನಾಗಂದಿಗೆಯ ಮೇಲೆ, ಹಿತ್ತಾಳೆ ಗಿಂಡಿಯಲ್ಲಿ, ಊರಿನಿಂದ ಕಾಯಿಸಿ ತಂದ ಎಣ್ಣೆ ಜೇನಿನ ಹಾಗೆ ಮಂದವಾಗಿ ಕೂತಿರುತ್ತಿತ್ತು. ನಾನು ವಾರಕ್ಕೊಂದು ಚಟಾಕಿನಂತೆ ಇಳಿಸುತ್ತಿದ್ದೆ. ಗಿಂಡಿ ಬರಿದಾಗುವ ರಭಸ ನೋಡಿ ಅಜ್ಜಿ ಒಂದು ದಿನ ನನ್ನನ್ನು ಕೂರಿಸಿಕೊಂಡು, "ಹೊಟ್ಟೆ ಸರಿಯಿಲ್ವೇನೋ ಮಗು?" ಎಂದು ಕನಿಕರದಿಂದ ಕೇಳಿದರು. ಹೌದು ಎಂದೆ. ಆ ರಾತ್ರಿ ತಮ್ಮ ಕಣ್ಣೆದುರಿಗೇ ಒಂದು ಸೌಟು ಕುಡಿಸಿದರು. ಇಂಜಿನ್ನಿನ ಸಂಕಟ ನನಗೆ ಮೊದಲು ಅರ್ಥವಾದದ್ದು ಮರುದಿನ ಬೆಳಿಗ್ಗೆ.

ಆ ಇಂಜಿನ್ನು ಕಟ್ಟಿದ ವಿಮಾನ ಹಾರುತ್ತಿದ್ದುದು 35 ಅಡಿಯ ಎರಡು ಉಕ್ಕಿನ ತಂತಿಗಳ ತುದಿಯಲ್ಲಿ. ತಂತಿಯ ಹಿಡಿ ನನ್ನ ಕೈಯಲ್ಲಿ; ವಿಮಾನ ಸುತ್ತ ಹಾರಿದಂತೆಲ್ಲ ನಾನೂ ಗಾಣದ ಎತ್ತಿನ ಹಾಗೆ ನಿಂತಲ್ಲೇ ತಿರುಗಬೇಕು. ಮೇಲೆ ಕೆಳಗೆ ಮಾಡಬಹುದಿತ್ತೇ ಹೊರತು ನಿಧಾನ ಮಾಡುವ ಮಾತಿರಲಿಲ್ಲ. ಎಣ್ಣೆ ಮುಗಿದಾಗ ಇಂಜಿನ್ ತಾನಾಗಿ ನಿಲ್ಲುತ್ತಿತ್ತು, ಆಗ ವಿಮಾನ ಇಳಿಯುತ್ತಿತ್ತು. ಒಮ್ಮೆ ಗೆಳೆಯನೊಬ್ಬ ತೊಟ್ಟಿ ಭರ್ತಿ ತುಂಬಿಬಿಟ್ಟ. ಸುತ್ತಿ ಸುತ್ತಿ ನನಗೆ ತಲೆ ತಿರುಗಿತು. ನಾನು ಒಂದು ದಿಕ್ಕಿಗೆ ಬಿದ್ದೆ, ವಿಮಾನ ಇನ್ನೊಂದು ದಿಕ್ಕಿಗೆ ಬಿತ್ತು. ವೇಗ ತಗ್ಗಿಸುವ ಒಂದು ಕಡ್ಡಿ ಇದ್ದಿದ್ದರೆ ಜೀವನದಲ್ಲಿ ಇನ್ನೇನೂ ಬೇಡ ಎಂದು ಮಣ್ಣು ಕೊಡವಿಕೊಳ್ಳುತ್ತ ಅಂದುಕೊಂಡಿದ್ದೆ. ಬೇಡಿಕೊಳ್ಳುವಾಗ ಸ್ವಲ್ಪ ನೋಡಿ ಬೇಡಿಕೊಳ್ಳಬೇಕಿತ್ತು.

ಆ ಕಡ್ಡಿ ಬಂದದ್ದು 1983ರಲ್ಲಿ, ಕುವೈತಿನಿಂದ. ಅಕ್ಕನ ಸೀಮಂತಕ್ಕೆ ಬಂದ ಭಾವ ಅಕ್ಕನಿಗೆ ಸೀರೆ, ಅಮ್ಮನಿಗೆ ಮಿಕ್ಸಿ, ನನಗೆ ಜಪಾನಿನ ಓಎಸ್ ಮ್ಯಾಕ್ಸ್ 25 ಇಂಜಿನ್ ತಂದರು. ಜೊತೆಗೆ ನಾಲ್ಕು ಚಾನೆಲ್ಲಿನ ರೇಡಿಯೋ. ಇಂಜಿನ್ನಿಗೆ 13 ದಿನಾರ್ ಆಯಿತಂತೆ. ಆಗಿನ ಲೆಕ್ಕದಲ್ಲಿ 450 ರೂಪಾಯಿ, ನನ್ನ ಅರ್ಧ ತಿಂಗಳ ಸಂಬಳ. ರೇಡಿಯೋದ ಬೆಲೆ ಮಾತ್ರ ಭಾವ ಕೊನೆಯವರೆಗೂ ಬಾಯಿಬಿಡಲಿಲ್ಲ. ಕಾರ್ಬೊರೇಟರಿನೊಳಗೆ ಅಡ್ಡಲಾಗಿ ಕಿರುಬೆರಳಿನ ತುದಿಯಷ್ಟು ಒಂದು ಉರುಳೆ, ಅದಕ್ಕೆ ಈ ಕಡೆಯಿಂದ ಆ ಕಡೆಗೆ ತೂತು. ಅದರ ಹೆಸರು ಬ್ಯಾರಲ್. ತೂತು ನೆಟ್ಟಗೆ ನಿಂತರೆ ಗಾಳಿ ಪೂರ್ತಿ ಒಳಗೆ. ಉರುಳೆ ಹೊರಳಿದಂತೆಲ್ಲ ಕಿಂಡಿ ಕೃಷ್ಣಪಕ್ಷದ ಚಂದ್ರನಂತೆ ಸವೆಯುತ್ತ ಕಡೆಗೆ ಒಂದು ಗೆರೆಯಷ್ಟೇ ಉಳಿಯುತ್ತಿತ್ತು. ಕೈಯಲ್ಲಿರುವ ಕಡ್ಡಿ ಏರಿಸಿದರೆ ನಿಮಿಷಕ್ಕೆ 12,000 ಸುತ್ತು, ಇಳಿಸಿದರೆ 3,000 ಸುತ್ತು. ಇದು ಇಂಜಿನ್ನಿನ ಜೊತೆ ಬಂದ ಹಾಳೆಯಲ್ಲಿ ಅಚ್ಚಾಗಿದ್ದ ಮಾತು.

ಇದು ಗ್ಲೋ ಇಂಜಿನ್ನು. ಇದಕ್ಕೆ ಬೇಕಾದ್ದು ನಾಲ್ಕು ಪಾಲು ಮೆಥನಾಲ್, ಒಂದು ಪಾಲು ಹರಳೆಣ್ಣೆ. ಹೊರದೇಶದವರು ಇಂಜಿನ್ ನಿಧಾನದಲ್ಲೂ ನೆಮ್ಮದಿಯಾಗಿ ಓಡಲೆಂದು ನೈಟ್ರೋಮೀಥೇನ್ ಎಂಬುದನ್ನೂ ಸೇರಿಸುತ್ತಿದ್ದರು. ನಮಗೆ ಅದರ ಹೆಸರಷ್ಟೇ ಸಿಕ್ಕಿತ್ತು. ಮೆಥನಾಲ್ ಸಿಗುವುದೂ ಸುಲಭವಿರಲಿಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಸಾರಾಯಿಯಲ್ಲಿದ್ದದ್ದು ಇದೇ ಮೀಥೈಲ್ ಆಲ್ಕೋಹಾಲ್. ಅದಾದ ಮೇಲೆ ರಾಸಾಯನಿಕದ ಅಂಗಡಿಯವರು ಆ ಹೆಸರೆತ್ತಿದರೇ ಕನ್ನಡಕದ ಮೇಲಿಂದ ನೋಡುತ್ತಿದ್ದರು. "ವಿಮಾನಕ್ಕೆ ಬೇಕು" ಎಂದೆ. "ನಿಮ್ಮ ವಿಮಾನ ಎಲ್ಲಿ ನಿಲ್ಲಿಸಿದೀರಿ?" ಎಂದು ಕೇಳಿದರು. ಮಾರನೆಯ ವಾರ ವಿಮಾನವನ್ನೇ ಬಗಲಲ್ಲಿಟ್ಟುಕೊಂಡು ಹೋದೆ. ಗುರುತಿನ ಕಾಗದ ತೋರಿಸಿ, ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ ಲೀಟರಿಗೆ 12 ರೂಪಾಯಿಯಂತೆ ಎರಡು ಲೀಟರ್ ಅಳೆದುಕೊಟ್ಟರು.

ಹಾರಿಸುತ್ತಿದ್ದ ಜಾಗ ಕೋಣನಕುಂಟೆ ಬಳಿಯ ರಾಗಿ ಹೊಲ, ಕಟಾವಾದ ಮೇಲೆ. ಹನುಮಂತನಗರದಿಂದ ಬಿಟಿಎಸ್ ಬಸ್ಸಿನಲ್ಲಿ ವಿಮಾನಕ್ಕೂ ಟಿಕೆಟ್ ಹರಿಸಿಕೊಂಡು ಹೋಗುತ್ತಿದ್ದೆ. ಅಲ್ಲಿಗೆ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರು ಬರುತ್ತಿದ್ದರು. ಫೋರ್‌ಮನ್ ಸಾರ್ ಎಂದೇ ಎಲ್ಲರೂ ಕರೆಯುತ್ತಿದ್ದುದು. ಒಂದು ಕೈಯಲ್ಲಿ ನಶ್ಯದ ಡಬ್ಬಿ, ಇನ್ನೊಂದು ಕೈ ಯಾವಾಗಲೂ ಖಾಲಿ. ನಮ್ಮ ಇಂಜಿನ್ನುಗಳನ್ನು ಅವರು ಮುಟ್ಟುತ್ತಿದ್ದುದೇ ಅಪರೂಪ. ದೂರದಲ್ಲಿ ನಿಂತು ಕೇಳುತ್ತಿದ್ದರು. "ಮೊದಲು ಕಿವಿ ಕೊಡಪ್ಪ, ಕೈ ಆಮೇಲೆ" ಎನ್ನುವುದು ಅವರ ಮಾತು. ಇಪ್ಪತ್ತೈದು ವರ್ಷದ ನನಗೆ ಕಿವಿಗಿಂತ ಸ್ಕ್ರೂ ಡ್ರೈವರ್ ಹತ್ತಿರವಿತ್ತು.

ಮೊದಲ ಭಾನುವಾರವೇ ತೊಂದರೆ ಶುರುವಾಯಿತು. ಇಂಜಿನ್ ನಿಧಾನವಾಗಿ ಗುಡುಗುಡು ಎನ್ನುತ್ತಿತ್ತು. ಕಡ್ಡಿ ಏರಿಸಿದ ಕೂಡಲೇ ಕೆಮ್ಮಿ, ಹೊಗೆ ಉಗುಳಿ, ನನ್ನ ಅಂಗಿಯ ಮೇಲೆ ಹರಳೆಣ್ಣೆ ಕಾರಿ ನಿಂತುಬಿಡುತ್ತಿತ್ತು. ಎಣ್ಣೆ ಜಾಸ್ತಿಯಾಗಿದೆ ಎನ್ನುವಷ್ಟು ನನಗೂ ತಿಳಿಯುತ್ತಿತ್ತು. ಕಾರ್ಬೊರೇಟರಿನ ಮುಂದುಗಡೆ ಒಂದು ಸಣ್ಣ ತಿರುಪಿತ್ತು, ನಿಧಾನ ಓಟವನ್ನು ಹದಗೊಳಿಸಲು. ನಲ್ಲಿಯನ್ನು ಬಿಗಿ ಮಾಡಿದರೆ ನೀರು ಕಡಿಮೆಯಾಗುತ್ತದಲ್ಲ ಎಂದು ಅದನ್ನು ಬಿಗಿ ಮಾಡಿದೆ. ಕೆಮ್ಮು ಜಾಸ್ತಿಯಾಯಿತು. ಇನ್ನೂ ಬಿಗಿ ಮಾಡಿದೆ. ಮೂರು ಭಾನುವಾರ ಹೀಗೇ ಕಳೆದವು. ನಾಲ್ಕನೆಯ ವಾರ ಫೋರ್‌ಮನ್ ಸಾರ್ ನಶ್ಯ ಏರಿಸಿ, ಸೀನಿ, "ಅದು ಎಣ್ಣೆ ತಿರುಪಲ್ಲಪ್ಪ, ಗಾಳಿ ತಿರುಪು" ಎಂದರು. ಆ ತಿರುಪಿನ ಬುಡದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ತೂತಿತ್ತು. ನಿಧಾನ ಓಟಕ್ಕೆ ಬೇಕಾದ ಗಾಳಿ ಒಳಗೆ ಹೋಗುವುದು ಅದರಿಂದಲೇ. ನಾನು ಬಿಗಿ ಮಾಡಿ ಮಾಡಿ ಅದರ ಮೂಗು ಮುಚ್ಚಿದ್ದೆ. ಎರಡು ಸುತ್ತು ಬಿಚ್ಚಿದ ಮೇಲೆ ಕೆಮ್ಮು ಮಾಯವಾಯಿತು. ಮುಂದೆ ಎರಡು ಸೂಜಿಗಳ ಕಾರ್ಬೊರೇಟರುಗಳು ಬಂದವು. ಅದರಲ್ಲಿ ಬಿಗಿ ಮಾಡಿದರೆ ನಿಜವಾಗಿಯೂ ಎಣ್ಣೆ ಕಡಿಮೆಯಾಗುತ್ತಿತ್ತು. ಅಷ್ಟು ಹೊತ್ತಿಗೆ ಬಿಚ್ಚುವ ಪಾಠ ಕಲಿತಿದ್ದ ನಾನು ಅದನ್ನು ಬಿಚ್ಚಿ ಮತ್ತೆರಡು ವಾರ ಹಾಳುಮಾಡಿಕೊಂಡೆ.

ಎಣ್ಣೆ ಹೆಚ್ಚೋ ಕಡಿಮೆಯೋ ಎಂದು ತಿಳಿಯುವ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಮೊದಲು ಪೂರ್ತಿ ವೇಗದಲ್ಲಿ ದೊಡ್ಡ ಸೂಜಿಯನ್ನು ಹದ ಮಾಡು. ವಿಮಾನದ ಮೂಗನ್ನು ಆಕಾಶಕ್ಕೆತ್ತಿ ಹಿಡಿದಾಗಲೂ ಸ್ವರ ಕುಗ್ಗಬಾರದು. ಆಮೇಲೆ ಇಂಜಿನ್ನನ್ನು ನಿಧಾನಕ್ಕೆ ಇಳಿಸಿ, ಎಣ್ಣೆ ಬರುವ ನಳಿಗೆಯನ್ನು ಎರಡು ಬೆರಳಲ್ಲಿ ಹಿಂಡು. ಹಿಂಡಿದ ಮೇಲೂ ಓಡುತ್ತ, ಓಟ ಏರಿ ಏರಿ ನಿಂತರೆ ಎಣ್ಣೆ ಹೆಚ್ಚು. ಹಿಂಡಿದ ತಕ್ಷಣ ಉಸಿರು ಬಿಟ್ಟರೆ ಎಣ್ಣೆ ಕಡಿಮೆ. ಒಂದು ಗಳಿಗೆ ಓಡಿ, ಚೂರೇ ಏರಿ, ಸುಮ್ಮನಾದರೆ ಹದ. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರಲ್ಲ, ಅದೇ ಲೆಕ್ಕ. ಮೊದಲ ಸಲ ಹಿಂಡುವಾಗ ನನ್ನ ಲಕ್ಷ್ಯವೆಲ್ಲ ಕಿವಿಯಲ್ಲಿತ್ತು, ಕೈ ಎಲ್ಲಿದೆಯೆಂದು ನೋಡಲಿಲ್ಲ. ತಿರುಗುತ್ತಿದ್ದ ಪಂಕ ತಾಗಿ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದವು. ಗುರುತು ಈಗಲೂ ಇದೆ. ಚಳಿಗಾಲದಲ್ಲಿ ನೋಯುತ್ತದೆ ಎಂದು ಹೇಳಿದರೆ ಕೇಳುವವರಿಗೆ ಇಷ್ಟವಾಗುತ್ತದೆ, ಆದರೆ ನೋಯುವುದಿಲ್ಲ.

ಮುಂದಿನ ಕಾಯಿಲೆಗೆ ಕಾರಣ ಅಜ್ಜಿಯ ಗಿಂಡಿ. ಇಂಜಿನ್ ಅರ್ಧ ವೇಗದವರೆಗೆ ಚೆನ್ನಾಗಿ ಓಡಿ, ಕಡ್ಡಿ ಪೂರ್ತಿ ಏರಿಸಿದರೆ ಹಸಿದವನಂತೆ ಸೊರಗುತ್ತಿತ್ತು. ಥ್ರಾಟಲ್ ಹೋಯಿತು ಎಂದು ಬ್ಯಾರಲ್ ಬಿಚ್ಚಿ ಹರಡಿಕೊಂಡು ಕೂತೆ. ಅಮ್ಮ ಅಡುಗೆಮನೆಯಲ್ಲಿ ಪಂಪ್ ಸ್ಟೌ ಹಚ್ಚುತ್ತಿದ್ದರು. ಜ್ವಾಲೆ ಸರಿಯಾಗಿ ಏಳದಿದ್ದಾಗ ಗೋಡೆಯ ಬಿರುಕಿಗೆ ಸಿಕ್ಕಿಸಿದ್ದ ಸ್ಟೌ ಪಿನ್ ತೆಗೆದು ಬರ್ನರಿನ ತೂತಿಗೆ ಚುಚ್ಚಿದರು. ಬುಸ್ಸೆಂದು ನೀಲಿ ಬೆಂಕಿ ಎದ್ದಿತು. ನಾನೂ ಆ ಪಿನ್ನು ತೆಗೆದುಕೊಂಡು ಕಾರ್ಬೊರೇಟರಿನ ಎಣ್ಣೆ ತೂತಿಗೆ ಚುಚ್ಚಿದೆ. ಒಳಗಿಂದ ಕಂದು ಬಣ್ಣದ ಗಸಿ ಬಂತು. ಊರಿನಲ್ಲಿ ಕಾಯಿಸಿದ ಎಣ್ಣೆಯ ಗಸಿ ಅದು. ಬೇಳೆಗೆ ಸವರಲು ಒಳ್ಳೆಯದೇ, ಕೂದಲೆಳೆಯಷ್ಟು ಸಂದಿಯಲ್ಲಿ ಹರಿಯಲು ಅಲ್ಲ. ಅಂದಿನಿಂದ ಔಷಧದಂಗಡಿಯ ಸೋಸಿದ ಎಣ್ಣೆ ತಂದು, ಮೇಲೆ ಪಂಚೆಯ ಚೂರಿನಲ್ಲಿ ಇನ್ನೊಮ್ಮೆ ಸೋಸುತ್ತಿದ್ದೆ. ಪಿನ್ನನ್ನು ಜಾಗಕ್ಕೆ ಇಡಲು ಮರೆತು ಅಮ್ಮನಿಂದ ಬೈಸಿಕೊಂಡೆ.

ಇಂಜಿನ್ ಹೊತ್ತಿಸುವಾಗ ಗಂಟಲಿಗೆ ನಾಲ್ಕು ಹನಿ ಎಣ್ಣೆ ಬಿಡಬೇಕಿತ್ತು. ಅದಕ್ಕೆ ಒಂದು ಸಾಧನ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಒಳಲೆ. ಈಗಿನವರಿಗೆ ಹೇಳಬೇಕು: ಎಳೆ ಕೂಸಿಗೆ ಹಾಲನ್ನೋ ಹರಳೆಣ್ಣೆಯನ್ನೋ ಕುಡಿಸುವ ಬೆಳ್ಳಿಯ ಪುಟ್ಟ ಬಟ್ಟಲು, ಒಂದು ಬದಿಯಲ್ಲಿ ಕೊಕ್ಕಿನ ಹಾಗೆ ಮೂತಿ. ಹನಿ ಹನಿಯಾಗಿ ಬಿಡಲು ಅದಕ್ಕಿಂತ ಒಳ್ಳೆಯದನ್ನು ನಾನು ಇವತ್ತಿಗೂ ಕಂಡಿಲ್ಲ. 1984ರ ಮಾರ್ಚಿನಲ್ಲಿ ಅಕ್ಕ ಹೆತ್ತಳು. ಹನ್ನೊಂದನೆಯ ದಿನ ಒಳಲೆಗಾಗಿ ಅಟ್ಟ, ಪೆಟಾರಿ, ಸಂದೂಕ ಎಲ್ಲ ಜಾಲಾಡಿದರು. ಕೊನೆಗೆ ನನ್ನ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಜ್ಜಿ ಮೂಸಿ ನೋಡಿದರು. ಹರಳೆಣ್ಣೆಯ ಜೊತೆಗಿನ ಇನ್ನೊಂದು ವಾಸನೆ ಏನೆಂದು ಕೇಳಿದರು. ಸಾರಾಯಿ ಸಾವಿನ ಸುದ್ದಿಯನ್ನು ಅಪ್ಪ ಪೇಪರಿನಿಂದ ಓದಿ ಹೇಳಿದ್ದು ಅವರಿಗೆ ನೆನಪಿತ್ತು. ನಾನು ಹೆಸರು ಹೇಳಿದೆ. ಅವರು ಬೈಯಲಿಲ್ಲ. ಒಳಲೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ನನ್ನ ಕಡೆ ಸರಿಸಿ, "ಇನ್ನು ಇದು ನಿನ್ನ ಕೂಸಿಗೇ ಇರಲಿ" ಎಂದರು. ಅಂದೇ ಸಂಜೆ ಅಪ್ಪ ಚಿಕ್ಕಪೇಟೆಗೆ ಹೋಗಿ ಹೊಸದೊಂದು ತಂದರು. 160 ರೂಪಾಯಿ ನನ್ನ ಸಂಬಳದಿಂದ ಹೋಯಿತು. ಕಡಿಮೆಯಲ್ಲಿ ಮುಗಿಯಿತೆಂದು ಈಗ ಅನಿಸುತ್ತದೆ.

ಅದೇ ಬೇಸಿಗೆಯಲ್ಲಿ ಇಂಜಿನ್ನಿಗೆ ಹೊಸ ಚಾಳಿ ಹಿಡಿಯಿತು. ತೊಟ್ಟಿ ತುಂಬಿದ್ದಾಗ ನಿಧಾನದಲ್ಲಿ ಮುಳುಗಿದವನಂತೆ ಗೊಳಗೊಳ ಎನ್ನುವುದು, ತೊಟ್ಟಿ ಅರ್ಧಕ್ಕೆ ಬಂದ ಮೇಲೆ ಸರಿಹೋಗುವುದು. ನಾನು ಗಾಳಿ ತಿರುಪನ್ನು ವಾರವಿಡೀ ಹಿಂದೆ ಮುಂದೆ ಮಾಡಿದೆ. ಫೋರ್‌ಮನ್ ಸಾರ್ ಅದನ್ನು ನೋಡಲೇ ಇಲ್ಲ. "ನಿಮ್ಮನೆ ನೀರಿನ ತೊಟ್ಟಿ ಎಲ್ಲಿದೆ?" ಎಂದರು. ತಾರಸಿ ಮೇಲೆ ಎಂದೆ. "ಹಾಗೇ ಇಲ್ಲೂ ಮಾಡಿದೀಯ" ಎಂದರು. ರಬ್ಬರ್ ಬ್ಯಾಂಡ್ ಹಾಕಲು ಸಲೀಸೆಂದು ನಾನು ಎಣ್ಣೆ ತೊಟ್ಟಿಯನ್ನು ಎತ್ತರದಲ್ಲಿ ಕಟ್ಟಿದ್ದೆ. ತೊಟ್ಟಿಯ ನಡುಮಟ್ಟ ಕಾರ್ಬೊರೇಟರಿನ ಸೂಜಿಯ ಮಟ್ಟಕ್ಕೋ ಅದಕ್ಕಿಂತ ಕೂದಲಷ್ಟು ಕೆಳಗೋ ಇರಬೇಕಿತ್ತು. ಇಳಿಸಿದೆ. ಗೊಳಗೊಳ ನಿಂತಿತು, ಅದರ ಬದಲು ಬಿಕ್ಕಳಿಕೆ ಶುರುವಾಯಿತು. ಇಂಜಿನ್ನಿನ ನಡುಕಕ್ಕೆ ತೊಟ್ಟಿಯೊಳಗಿನ ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆಯೇಳುತ್ತಿತ್ತು, ನೊರೆಯ ಗುಳ್ಳೆ ನಳಿಗೆಗೆ ಹೋಗುತ್ತಿತ್ತು. ಒಂದೂಕಾಲು ರೂಪಾಯಿಯ ಸ್ಪಂಜು ಕತ್ತರಿಸಿ ತೊಟ್ಟಿಯ ಸುತ್ತ ತುರುಕಿದೆ. ಬಿಕ್ಕಳಿಕೆಯೂ ನಿಂತಿತು.

ಮಳೆಗಾಲದ ಹೊತ್ತಿಗೆ ಇಂಜಿನ್ನಿಗೆ ಯಾವ ಹೊತ್ತಿನಲ್ಲಿ ಏನಾಗುತ್ತದೆಂದೇ ತಿಳಿಯದಂತಾಯಿತು. ಒಮ್ಮೆ ಲೀನ್, ಅಂದರೆ ಎಣ್ಣೆ ಕಡಿಮೆ; ಮರುಗಳಿಗೆ ಸರಿ, ಮತ್ತೆ ಲೀನ್. ಹುಚ್ಚು ಹಿಡಿದ ಇಂಜಿನ್ನು ಎಂದೆ. ಯಾರಿಗೂ ಕಾಣದ ಗಾಳಿ ಎಲ್ಲಿಂದಲೋ ಸೇರುತ್ತಿದೆ ಎಂದರು ಫೋರ್‌ಮನ್ ಸಾರ್. ಸೈಕಲ್ ಅಂಗಡಿಯವನು ಟ್ಯೂಬಿನ ಪಂಕ್ಚರ್ ಹುಡುಕುವಂತೆ ನಳಿಗೆಯ ಒಂದು ತುದಿ ಮುಚ್ಚಿ, ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿದೆ. ಹಿತ್ತಾಳೆ ಕೊಳವೆಗೆ ಸಿಕ್ಕಿಸುವ ಜಾಗದಲ್ಲಿ ಒಂದೊಂದೇ ಗುಳ್ಳೆ ಎದ್ದಿತು. ಸೂಜಿಮೊನೆಯ ತೂತು. ಆ ಕೊಳವೆಯ ಅಂಚನ್ನು ಅರದಿಂದ ಉಜ್ಜಿ ನಯ ಮಾಡದೆ ಸಿಕ್ಕಿಸಿದ್ದವನು ನಾನೇ. ಮೂರಂಗುಲ ನಳಿಗೆ ಬದಲಾಯಿಸಿದೆ. ನಾನೇ ಆ ಮೂರು ವಾರ ಹುಚ್ಚನಾಗಿದ್ದೆ, ಇಂಜಿನ್ ನೆಟ್ಟಗಿತ್ತು.

ಪ್ಲಗ್ಗಿನ ವಿಷಯದಲ್ಲಿ ನನ್ನ ಜಿಪುಣತನ ಬಯಲಾಯಿತು. ಗ್ಲೋ ಪ್ಲಗ್ಗಿನೊಳಗೆ ಪ್ಲಾಟಿನಂನ ಒಂದು ಸುರುಳಿ ಇರುತ್ತಿತ್ತು. ಒಂದೂವರೆ ವೋಲ್ಟಿನ ಬ್ಯಾಟರಿ ತಾಗಿಸಿ ಅದನ್ನು ಕೆಂಡ ಮಾಡಿ ಇಂಜಿನ್ ಹೊತ್ತಿಸಬೇಕು; ಒಮ್ಮೆ ಹೊತ್ತಿಕೊಂಡರೆ ಮೆಥನಾಲಿನ ಆವಿ ಪ್ಲಾಟಿನಂ ತಾಗಿ ಕೆಂಡ ತಾನಾಗಿ ಉಳಿಯುತ್ತಿತ್ತು, ಬ್ಯಾಟರಿ ತೆಗೆಯಬಹುದಿತ್ತು. ಒಂದು ಪ್ಲಗ್ಗಿಗೆ 45 ರೂಪಾಯಿ. ನಾನು ಒಂದನ್ನೇ ಎರಡು ವರ್ಷ ಎಳೆದೆ. ಕೊನೆಕೊನೆಗೆ ಬ್ಯಾಟರಿ ಇರುವವರೆಗೆ ನಿಧಾನ ಓಟ ಗಂಭೀರವಾಗಿರುತ್ತಿತ್ತು, ತೆಗೆದ ಕೂಡಲೇ ಸ್ವರ ಬಿದ್ದು ನಾಲ್ಕೆಣಿಸುವಷ್ಟರಲ್ಲಿ ನಿಲ್ಲುತ್ತಿತ್ತು. ತಿರುಪುಗಳನ್ನೆಲ್ಲ ಇನ್ನೊಂದು ಸುತ್ತು ಪೂಜೆ ಮಾಡಿದೆ. ಬ್ಯಾಟರಿಯನ್ನು ವಿಮಾನದಲ್ಲೇ ಕಟ್ಟಿ ಹಾರಿಸಿದರೆ ಹೇಗೆ ಎಂದೂ ಯೋಚಿಸಿದೆ. ಫೋರ್‌ಮನ್ ಸಾರ್ ತಮ್ಮ ಜೇಬಿನಿಂದ ಹೊಸ ಪ್ಲಗ್ ತೆಗೆದು ಕೈಗಿಟ್ಟು, "ಹಾಕಿ ನೋಡು. ಸರಿಹೋದರೆ 45 ಕೊಡು, ಹೋಗದಿದ್ದರೆ ವಾಪಸ್ ಕೊಡು" ಎಂದರು. ದುಡ್ಡು ಕೊಟ್ಟೆ.

ಥ್ರಾಟಲ್ ಏರಿಸಿದರೆ ಬಾಲ ಅಲ್ಲಾಡುತ್ತದೆ ಎಂದು ಹೇಳಿದಾಗ ಮಾತ್ರ ಯಾರೂ ನಂಬಲಿಲ್ಲ. ಆದರೆ ಆದದ್ದು ಅದೇ. ರೇಡಿಯೋದ ಸರ್ವೋ ಮೋಟರಿನಿಂದ ಕಾರ್ಬೊರೇಟರಿನ ತೋಳಿಗೆ ನಾನು ಎಳೆದಿದ್ದದ್ದು ಸೈಕಲ್ಲಿನ ಕಡ್ಡಿ, ಒಂದಕ್ಕೆ 25 ಪೈಸೆ. ಗಟ್ಟಿ, ನೇರ, ತುದಿಗೆ ಮರೆಯೂ ಇತ್ತು. ನನಗೆ ಬಹಳ ಹೆಮ್ಮೆ. ಇಂಜಿನ್ನಿನ ನಡುಕಕ್ಕೆ ಕಬ್ಬಿಣದ ಕಡ್ಡಿ ಲೋಹದ ತೋಳಿಗೆ ತಟತಟ ಉಜ್ಜಿ, ಹುಟ್ಟಿದ ವಿದ್ಯುತ್ತಿನ ಗದ್ದಲ ಹತ್ತಿರದಲ್ಲೇ ಇದ್ದ ರಿಸೀವರಿಗೆ ಕೇಳಿಸುತ್ತಿತ್ತು. ಅದು ಆ ಗದ್ದಲವನ್ನೇ ನನ್ನ ಅಪ್ಪಣೆ ಎಂದುಕೊಂಡು ಬಾಲ ಆಡಿಸುತ್ತಿತ್ತು. ಖಾಲಿಯಾದ ಬಾಲ್ ಪೆನ್ ರೀಫಿಲ್ಲಿನಿಂದ ಕಾಳಿನಷ್ಟು ತುಂಡು ಕತ್ತರಿಸಿ ತೋಳಿನ ತೂತಿಗೆ ತೂರಿಸಿದೆ. ಲೋಹಕ್ಕೆ ಲೋಹ ತಾಗುವುದು ತಪ್ಪಿತು, ವಿಮಾನ ಸಭ್ಯವಾಯಿತು. ಆ ವರ್ಷ ನಾನು ಮಾಡಿದ ರಿಪೇರಿಗಳಲ್ಲಿ ಖರ್ಚಿಲ್ಲದೆ ಆದದ್ದು ಇದೊಂದೇ.

ಹಗಲು ಬೆಳಕಿನಲ್ಲಿ ಮೆಥನಾಲಿನ ಬೆಂಕಿ ಕಾಣುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಅರ್ಥವಾದದ್ದು ಒಂದು ಏಪ್ರಿಲ್ ಮಧ್ಯಾಹ್ನ. ಇಂಜಿನ್ ಹೊತ್ತದಿದ್ದಾಗ ಥ್ರಾಟಲ್ ಪೂರ್ತಿ ತೆರೆದು ಒಳಲೆಯಲ್ಲಿ ಮತ್ತೆ ಮತ್ತೆ ಎಣ್ಣೆ ಸುರಿದೆ. ಅದು ಒಮ್ಮೆ ಹಿಮ್ಮುಖವಾಗಿ ಸಿಡಿಯಿತು. ಏನೂ ಆಗಲಿಲ್ಲವೆಂದು ಬಗ್ಗಿ ನೋಡುತ್ತಿದ್ದೆ. ಮುಂಗೈ ಕೂದಲು ಸುರುಟಿದ ವಾಸನೆ ಬಂದ ಮೇಲೆಯೇ ಬೆಂಕಿಯೊಳಗೆ ಕೈಯಿಟ್ಟಿದ್ದೇನೆಂದು ತಿಳಿದದ್ದು. ಗೆಳೆಯ ಒದ್ದೆ ಗೋಣಿಚೀಲ ಮುಚ್ಚಿದ. ರೆಕ್ಕೆಯ ಬುಡ ಕರಕಲಾಗಿತ್ತು, ನನ್ನ ಎಡ ಹುಬ್ಬು ಅರ್ಧ ಹೋಗಿತ್ತು. ಮಾರನೆಯ ವಾರ ಹೆಣ್ಣು ನೋಡಲು ಹೋಗುವುದಿತ್ತು. ಹೋದೆ. ಆ ಹುಡುಗಿ ಒಪ್ಪಿದಳು. ಹುಬ್ಬಿನ ಬಗ್ಗೆ ಅವಳು ಕೇಳಿದ್ದು ಮದುವೆಯಾದ ಮೇಲೆ.

1991ರಲ್ಲಿ ಮಂಗಳೂರಿನ ಕಾಲೇಜೊಂದರಲ್ಲಿ ಪ್ರದರ್ಶನಕ್ಕೆ ಕರೆದರು. ಶುಕ್ರವಾರ ಬೆಂಗಳೂರಿನಲ್ಲಿ ಗಡಿಯಾರದಂತೆ ಓಡಿದ ಇಂಜಿನ್ನು ಶನಿವಾರ ಅಲ್ಲಿ ಕಡ್ಡಿ ಏರಿಸಿದರೆ ಗಕ್ಕೆಂದು ನಿಲ್ಲತೊಡಗಿತು. ಇನ್ನೂರು ಮಕ್ಕಳು ಸುತ್ತ ಕೂತಿದ್ದರು. ಎಸ್‌ಟಿಡಿ ಬೂತಿಗೆ ಓಡಿ ಫೋರ್‌ಮನ್ ಸಾರ್‌ಗೆ ಫೋನ್ ಮಾಡಿ, ಪ್ಲಗ್, ನಳಿಗೆ, ತೊಟ್ಟಿ, ತಿರುಪು ಎಲ್ಲದರ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, "ಅಲ್ಲಿಂದ ಸಮುದ್ರ ಎಷ್ಟು ದೂರ?" ಎಂದರು. ಕಾಣಿಸುತ್ತದೆ ಎಂದೆ. "ಸೂಜಿ ಕಾಲು ಸುತ್ತು ಬಿಚ್ಚು" ಎಂದು ಫೋನ್ ಇಟ್ಟರು. ಬೆಂಗಳೂರು ಸಮುದ್ರಮಟ್ಟದಿಂದ 3,000 ಅಡಿ ಮೇಲೆ, ಗಾಳಿ ತೆಳು. ಅಲ್ಲಿನ ತೆಳು ಗಾಳಿಗೆ ಹದ ಮಾಡಿದ್ದ ಎಣ್ಣೆ ಕರಾವಳಿಯ ದಟ್ಟ ಗಾಳಿಗೆ ಸಾಲುತ್ತಿರಲಿಲ್ಲ. ಕಾಲು ಸುತ್ತು ಬಿಚ್ಚಿದೆ, ಹಾರಿತು. ಬೂತಿನ ಬಿಲ್ಲು 28 ರೂಪಾಯಿ, ಅದರಲ್ಲಿ 25 ನನ್ನ ವರದಿಗೇ ಆಗಿತ್ತು.

ಹೀಗೆ ಹತ್ತಿಪ್ಪತ್ತು ವರ್ಷ "ಥ್ರಾಟಲ್ ಕೆಟ್ಟಿದೆ" ಎಂದು ಹೇಳುತ್ತಲೇ ಬಂದೆ. ಲೆಕ್ಕ ಹಾಕಿದರೆ ಆ ಉರುಳೆ ಒಂದು ಸಲವೂ ಕೆಟ್ಟಿರಲಿಲ್ಲ. ಗಸಿ, ತೂತು, ನೊರೆ, ಪ್ಲಗ್ಗು, ಕಡ್ಡಿ, ಸಮುದ್ರ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕೈ. ಬೇರೆಯವರ ತಪ್ಪನ್ನೆಲ್ಲ ಅದು ಹೊತ್ತುಕೊಂಡಿತು. ಮನೆಯಲ್ಲಿ ಏನೇ ಆದರೂ ಬೈಸಿಕೊಳ್ಳುವ ನಡುವಿನ ಮಗನ ಹಾಗೆ.

2000ದ ನಂತರ ಒಬ್ಬೊಬ್ಬರೇ ವಿದ್ಯುತ್ ಮೋಟರಿಗೆ ಹೋದರು. ನಾನು ಸ್ವಲ್ಪ ದಿನ ಅದನ್ನು ಫ್ಯಾನು ಎಂದು ಗೇಲಿ ಮಾಡಿದೆ, ಆಮೇಲೆ ನಾನೂ ಹೋದೆ. ಅಂಗಿಗೆ ಎಣ್ಣೆ ಬೀಳದಿರುವುದು ಎಂಥ ಸುಖವೆಂದು ಮೊದಲು ತಿಳಿದದ್ದು ನನ್ನ ಹೆಂಡತಿಗೆ. ಫೋರ್‌ಮನ್ ಸಾರ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಕೋಣನಕುಂಟೆಯ ರಾಗಿ ಹೊಲದಲ್ಲಿ ಅಪಾರ್ಟ್‌ಮೆಂಟುಗಳೆದ್ದವು, 2021ರಲ್ಲಿ ಅದರ ಪಕ್ಕದಲ್ಲೇ ಮೆಟ್ರೊ ರೈಲು ಓಡಿತು. ಅದೇ ವರ್ಷ ಡ್ರೋನ್ ನಿಯಮಗಳು ಬಂದವು. ಎಲ್ಲಿ ಹಾರಿಸಬಹುದೆಂದು ಹಸಿರು, ಹಳದಿ, ಕೆಂಪು ಬಳಿದ ನಕ್ಷೆ ನೋಡಿಕೊಂಡು ಹೊರಡಬೇಕಾಯಿತು. ನಾವು ರೈತನನ್ನು ಕೇಳುತ್ತಿದ್ದೆವು, ಎರಡು ಬೀಡಿ ಕೊಡುತ್ತಿದ್ದೆವು. ಈಗ ತಲೆಯ ಮೇಲೆ ಹಾರುವ ನಿಜವಾದ ವಿಮಾನಗಳ ಸಂಖ್ಯೆ ನೋಡಿದರೆ ನಕ್ಷೆಯೇ ಸರಿ.

ಹೋದ ವರ್ಷ ಮೊಮ್ಮಗನ ಫೋಮ್ ವಿಮಾನ ಮೈದಾನದಲ್ಲಿ ಮುಷ್ಕರ ಹೂಡಿತು. ಕಡ್ಡಿ ಏರಿಸಿದರೂ ಮೋಟರು ತಿರುಗದು, ಬರೀ ಪೀಪ್ ಪೀಪ್ ಎನ್ನುವುದು. ನಾನು ಬಗ್ಗಿ, ಕಿವಿ ಕೊಟ್ಟು, ಎರಡು ಬೆರಳಿನಿಂದ ಹಿಂಡಲು ನಳಿಗೆ ಹುಡುಕಿದೆ. ಸಿಕ್ಕಿದ್ದು ಕೆಂಪು ತಂತಿ. "ತಾತ, ಏನು ಮಾಡ್ತಿದೀರ?" ಎಂದ. ಏನಿಲ್ಲ ಎಂದೆ. ಅವನು ಫೋನಿನಲ್ಲಿ ಎರಡು ನಿಮಿಷ ಏನನ್ನೋ ನೋಡಿ, ಕಡ್ಡಿಯ ಪಕ್ಕದ ಟ್ರಿಮ್ ಗುಂಡಿಯನ್ನು ನಾಲ್ಕು ಸಲ ಕೆಳಗೆ ಒತ್ತಿದ. ಬ್ಯಾಟರಿ ಹಾಕುವಾಗ ಥ್ರಾಟಲ್ ಪೂರ್ತಿ ತಗ್ಗಿನಲ್ಲಿಲ್ಲದಿದ್ದರೆ ಅದು ಹೊರಡುವುದೇ ಇಲ್ಲವಂತೆ, ಯಾರದಾದರೂ ಬೆರಳು ಹೋದೀತೆಂದು. ನನ್ನ ಬೆರಳಿನ ಹೊಲಿಗೆ ತೋರಿಸಿದೆ. ಅವನು ಮನೆಗೆ ಬಂದು ಬ್ಯಾಟರಿ ಚಾರ್ಜಿಗೆ ಹಾಕಿದ್ದು ಅಜ್ಜಿಯ ಉಪ್ಪಿನಕಾಯಿ ಭರಣಿಯೊಳಗೆ. ಬೆಂಕಿ ಹತ್ತಿದರೂ ಹೊರಗೆ ಬರಬಾರದಂತೆ. ಆ ಮಟ್ಟಿಗೆ ಅವನಿಗೆ ನನಗಿಂತ ಬುದ್ಧಿ ಇದೆ.

ಆ ಸಂಜೆ ತಗಡಿನ ಪೆಟ್ಟಿಗೆ ಇಳಿಸಿದೆ. ಜಪಾನಿನ ಇಂಜಿನ್ನಿನ ಒಳಗೆಲ್ಲ ಹರಳೆಣ್ಣೆ ಒಣಗಿ ಅರಗಿನಂತಾಗಿತ್ತು. ಬ್ಯಾರಲ್ಲೂ ಅಲ್ಲಾಡಲಿಲ್ಲ, ಪಂಕವೂ ತಿರುಗಲಿಲ್ಲ. ಸೊಸೆಯ ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟ ಮೇಲೆ ಅರಗು ಕರಗಿ ಉರುಳೆ ತಿರುಗಿತು. ಮೊಮ್ಮಗ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದ, ಚೆನ್ನಾಗಿದೆ ಎಂದ, ವಾಸನೆಗೆ ಮೂಗು ಮುಚ್ಚಿಕೊಂಡು ಹೋದ. ಓಡಿಸಲು ಮೆಥನಾಲ್ ತರುವ ಉತ್ಸಾಹ ನನಗೂ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಳಲೆ ಕಪ್ಪಾಗಿ ಬಿದ್ದಿತ್ತು. ಮನೆಗೆ ಇನ್ನೊಂದು ಕೂಸು ಬರುವುದಿತ್ತು. ಸೊಸೆ ಅದನ್ನು ನೋಡಿ, ತೊಳೆದರೆ ಆಗುತ್ತಲ್ಲ ಮಾವ ಎಂದಳು. ಬೇಡ ಎಂದೆ.

ಮರುದಿನ ಅಕ್ಕಸಾಲಿಗರ ಹತ್ತಿರ ಹೋಗಿ, ಕರಗಿಸಿ ಕೂಸಿಗೆ ಕಾಲಂದುಗೆ ಮಾಡಿಕೊಡಿ ಎಂದೆ. ತಕ್ಕಡಿಗೆ ಹಾಕಿದರು, ಮೂರೂಮುಕ್ಕಾಲು ತೊಲ. ಬೆಳ್ಳಿಯ ಈಗಿನ ದರಕ್ಕೆ ಮೊಮ್ಮಗನ ವಿಮಾನವೇ ಬರುತ್ತಿತ್ತು. ಮೂಸೆಗೆ ಹಾಕಿ ಉರಿ ತಾಗಿಸಿದ ಕೂಡಲೇ ಒಂದೆಳೆ ಹೊಗೆ ಎದ್ದಿತು. ಅವರು ಮೂಗರಳಿಸಿ, "ಇದೇನು ಸಾರ್, ಹರಳೆಣ್ಣೆ ವಾಸನೆ?" ಎಂದರು.

"ಕೂಸಿಗೆ ಕುಡಿಸ್ತಿದ್ವಿ" ಎಂದೆ. "ಬಹಳ ಕೆಮ್ತಿತ್ತು."